ಗಾಡಿಯ ಮೇಲೆ ಯಾರ ಹೆಸರು

ತಲೆಗೆ ಏನೂ ತಾಗಲಿಲ್ಲ, ಒಳಗೆ ಕಾಲಿಟ್ಟವಳು ರೂಢಿಯಂತೆ ಬಗ್ಗಿದ್ದೆ, ಬಗ್ಗಿದವಳು ಹಾಗೇ ನಿಂತಿದ್ದೆ, ಆಮೇಲೆ ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿದರೆ ಮೇಲೆ ಇನ್ನೂ ಒಂದು ಗೇಣು ಜಾಗ, ಬಿಸಿಲಿಗೆ ಕಾದ ತಗಡಿನ ವಾಸನೆ, ಸೀಟಿನ ರೆಗ್ಜಿನ್ ವಾಸನೆ, ಹಿಂದೆ ಯಾರೋ ಹಚ್ಚಿದ ಊದುಬತ್ತಿಯದೂ ಸ್ವಲ್ಪ — ಇಷ್ಟು ದೊಡ್ಡ ವ್ಯಾನಿನೊಳಗೆ ನಾನು ನಿಂತಿದ್ದೇನೆ, ಬಸ್ಸಿನಲ್ಲಿ ಎಲ್ಲರೂ ನಿಲ್ಲುತ್ತಾರೆ, ಆದರೆ ಇದು ನನ್ನದಾಗುತ್ತದೋ ಇಲ್ಲವೋ ಎಂದು ನೋಡಲು ಒಳಗೆ ಬಂದದ್ದು ಇದೇ ಮೊದಲು, ಆರು ವರ್ಷ ನಮ್ಮ ಮೂರು ಗಾಲಿಯ ಲಗೇಜ್ ಆಪೆಯ ಹಿಂದೆ ರೊಟ್ಟಿಯ ಬುಟ್ಟಿಗಳ ನಡುವೆ ಮಂಡಿ ಮಡಚಿ, ನೆತ್ತಿಗೆ ತಾಡಪಾಲು ತಾಗಿಸಿಕೊಂಡು, ಕೊಟ್ಟೂರಿಂದ ಕೂಡ್ಲಿಗಿ, ಕೊಟ್ಟೂರಿಂದ ಹಡಗಲಿ, ಕೊಟ್ಟೂರಿಂದ ಹರಪನಹಳ್ಳಿ, ಮುಂದೆ ಗಂಡ ಭೀಮರಾಜ ಹ್ಯಾಂಡಲ್ ಹಿಡಿದು ಪ್ರತಿ ಗುಂಡಿಗೂ ಹಿಂತಿರುಗಿ ಏ ಕೋಮಲಾ, ಬುಟ್ಟಿ ಹಿಡ್ಕೊ ಅನ್ನುತ್ತಿದ್ದ, ಬುಟ್ಟಿ ಹಿಡಿದರೆ ನನ್ನನ್ನು ಯಾರು ಹಿಡಿಯಬೇಕು. ಹಾಲಸ್ವಾಮಿ ಹೊರಗಿಂದ ಇಣುಕಿ, ಹೆಂಗೈತ್ರಿ ಅಕ್ಕಾರ, ಮೂರು ಗಾಡ್ಯಾಗ ಇದಾ ದೊಡ್ಡದು ನೋಡ್ರಿ, ಹಿಂದ ಕಾಲೇಜಿನೋರು ಲೀಸಿಗೆ ಇಟ್ಕಂಡಿದ್ರು ಅಂದ, ಇವನು ಹಗರಿಬೊಮ್ಮನಹಳ್ಳಿಯಲ್ಲಿ ಗಾಡಿಗಳನ್ನು ವರ್ಷಗಟ್ಟಲೆ ಲೀಸಿಗೆ ಕೊಡುವವನು, ಮಾತು ಜಾಸ್ತಿ, ಆದರೆ ಬೆಳಿಗ್ಗೆಯಿಂದ ನನ್ನನ್ನೇ ನೋಡಿ ಮಾತಾಡುತ್ತಿದ್ದಾನೆ, ಜಾಮೀನಿಗೆಂದು ನನ್ನ ಜೊತೆ ಬಂದಿದ್ದ ಗುರುಶಾಂತಣ್ಣನನ್ನು ನೋಡಿ ಅಲ್ಲ, ಅಷ್ಟು ಸಾಕು.

ಮೊದಲನೆಯ ಗಾಡಿಗೆ ಎಸಿ ಇತ್ತು, ರೊಟ್ಟಿಗೆ ಎಸಿ ಯಾಕೆ, ಎರಡನೆಯದರ ಹಿಂಬಾಗಿಲು ಮೇಲಕ್ಕೆ ಏಳುತ್ತದೆ, ಎದ್ದ ಮೇಲೆ ಕೆಳಗೆಳೆಯಲು ನನ್ನ ಕೈಗೆ ಎಟುಕುವುದಿಲ್ಲ, ನನಗೇ ಎಟುಕದಿದ್ದರೆ ನಮ್ಮ ಗೀತಮ್ಮನಿಗೆ ಎಟುಕುತ್ತದೆಯೇ, ನಮ್ಮಲ್ಲಿ ರೊಟ್ಟಿ ತಟ್ಟುವ ಹನ್ನೊಂದು ಹೆಂಗಸರಲ್ಲಿ ಗಿಡ್ಡ ಎಂದರೆ ಅವಳೇ, ಅವಳಿಗೆ ಎಟುಕುವ ಬಾಗಿಲು ಬೇಕು, ಇದರದ್ದು ಪಕ್ಕಕ್ಕೆ ಜಾರುವ ಬಾಗಿಲು, ಒಂದು ಕೈಯಲ್ಲಿ ಬುಟ್ಟಿ ಹಿಡಿದೇ ಎಳೆಯಬಹುದು. ಆದರೂ ಬಾಗಿಲು ನೋಡಿ ಗಾಡಿ ಆರಿಸುವುದಕ್ಕಾಗುತ್ತದೆಯೇ, ಅದಕ್ಕೇ ಮನೆಯಿಂದ ಮೂರು ಬುಟ್ಟಿ ಖಡಕ್ ರೊಟ್ಟಿ ತಂದಿದ್ದೆ, ಬುಟ್ಟಿಗೆ ನಲವತ್ತು, ನಿನ್ನೆ ತಟ್ಟಿ ಒಣಗಿಸಿದ್ದು, ಹಾಲಸ್ವಾಮಿಗೆ ಅರ್ಥವೇ ಆಗಲಿಲ್ಲ, ಊಟಕ್ಕೇನ್ರಿ ಅಂದ, ಅಲ್ಲರಿ, ನಿಮ್ ಗಾಡಿ ನೋಡಾಕ ಅಂದೆ, ಒಂದೊಂದು ಗಾಡಿಯಲ್ಲಿ ಒಂದೊಂದು ಬುಟ್ಟಿ ಇಟ್ಟು ರೈಲ್ವೆ ಗೇಟಿನವರೆಗೆ ಹೋಗಿ ಬಾ ಎಂದು ಅವನ ಡ್ರೈವರನ್ನು ಓಡಿಸಿದೆ, ನಾನೂ ಜೊತೆಗೆ ಕೂತೆ, ಆ ರಸ್ತೆ ನನಗೆ ಗೊತ್ತು, ಗೇಟಿನ ಹತ್ತಿರದ ಗುಂಡಿಗಳು ನನ್ನ ಸೊಂಟಕ್ಕೆ ಗೊತ್ತು. ಎಸಿ ಗಾಡಿಯಿಂದ ಇಳಿಸಿದ ಬುಟ್ಟಿಯಲ್ಲಿ ಅರ್ಧಕ್ಕರ್ಧ ಪುಡಿ, ಎರಡನೆಯದರಲ್ಲಿ ಹದಿನೆಂಟು ಚೂರು, ಇದರಲ್ಲಿ ನಾಲ್ಕೇ ನಾಲ್ಕು, ಅದೂ ಅಡಿಯಲ್ಲಿದ್ದವು. ಹಾಲಸ್ವಾಮಿ ಒಂದು ಚೂರು ಬಾಯಿಗೆ ಹಾಕಿಕೊಂಡು ಕಟುಮ್ ಎನ್ನಿಸಿ ಕಣ್ಣರಳಿಸಿದ, ಇಪ್ಪತ್ತು ವರ್ಷ ಗಾಡಿ ಕೊಟ್ಟೀನಿ, ಹಿಂಗ ಟೆಸ್ಟ್ ಮಾಡಿದೋರ್ನ ನೋಡಿಲ್ಲ ಬಿಡ್ರಿ ಅಂದ, ನನಗೆ ನಗು ಬಂತು, ಗುರುಶಾಂತಣ್ಣ ನಗಲಿಲ್ಲ, ಬೇವಿನ ನೆರಳಲ್ಲಿ ಬೈಕಿಗೆ ಒರಗಿ ಮೊಬೈಲು ನೋಡುತ್ತಿದ್ದ, ಆಗಲೇ ಅವನ ತಲೆಯಲ್ಲಿ ಹೆಸರು ಓಡುತ್ತಿತ್ತು ಅನ್ನಿಸುತ್ತದೆ.

ಅನ್ನಪೂರ್ಣಾ ಕೇಟರಿಂಗ್. ಅದು ಅವನ ವ್ಯಾಪಾರದ ಹೆಸರು, ಮದುವೆ ಮನೆಗಳಿಗೆ, ಗೃಹಪ್ರವೇಶಗಳಿಗೆ ಊಟದ ಆರ್ಡರ್ ಹಿಡಿಯುವವನು ಅವನು, ಅನ್ನ ಸಾರು ಅವನ ಭಟ್ಟರದು, ರೊಟ್ಟಿ ಶೇಂಗಾ ಚಟ್ನಿ ಗುರೆಳ್ಳು ಚಟ್ನಿ ನಮ್ಮದು, ಆರು ವರ್ಷದಿಂದ ನಮ್ಮದು, ಒಂದು ದಿನವೂ ತಡವಾಗಿಲ್ಲ, ಸೋಬಾನೆ ಶುರುವಾಗುವ ಮೊದಲೇ ಬುಟ್ಟಿ ಇಳಿದಿರುತ್ತವೆ, ಇಳಿಸುವುದು ಮಾತ್ರ ನಾನಲ್ಲ, ಅವನ ಹುಡುಗರು ಗೇಟಿನಲ್ಲೇ ಇಳಿಸಿಕೊಂಡು ಒಳಗೆ ಒಯ್ಯುತ್ತಾರೆ, ನಾನು ಆಪೆಯಲ್ಲೇ ಕೂತಿರಬೇಕು, ಅದು ಯಾರೂ ಬಾಯಿಬಿಟ್ಟು ಹೇಳಿದ ನಿಯಮವಲ್ಲ, ಯಾರೂ ಹೇಳದೆಯೇ ನಾನು ಪಾಲಿಸಿದ್ದು. ಹರಪನಹಳ್ಳಿಯ ಒಂದು ಮದುವೆಯಲ್ಲಿ ಒಬ್ಬ ಅಜ್ಜಿ, ಮೂಗಿನ ಎರಡೂ ಕಡೆ ಮೂಗುತಿ, ರೊಟ್ಟಿಯ ತುಂಡು ಕೈಯಲ್ಲೇ ಹಿಡಿದು ಹೊರಗೆ ಬಂದಿದ್ದಳು, ಯಾರಪಾ ಇದನ್ನ ತಟ್ಟಿದ್ದು, ಆಕಿ ಕೈಗೆ ಬಂಗಾರದ ಬಳಿ ಹಾಕಬೇಕು ಅಂತ, ಗುರುಶಾಂತಣ್ಣ ತಕ್ಷಣ ನಮ್ಮ ಮನ್ಯಾಗಿನ ಹೆಣ್ಮಕ್ಳು ಯವ್ವಾ ಅಂದ, ನಾನು ಅಲ್ಲೇ, ಎರಡು ಮಾರು ದೂರದಲ್ಲಿ, ತಾಡಪಾಲಿನ ಸಂದಿಯಿಂದ ನೋಡುತ್ತಾ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದೆ — ಯಾಕೆ ಎಳೆದುಕೊಂಡೆ, ಆ ಕೈ ಏನು ಕಳವು ಮಾಡಿತ್ತು, ಇವತ್ತಿಗೂ ನೆನಪಾದರೆ ಅವನ ಸುಳ್ಳಿಗಿಂತ ನನ್ನ ಕೈಯ ಮೇಲೇ ಸಿಟ್ಟು.

ಆ ಕೈ ಎಲ್ಲಿಂದ ಕಲಿಯಿತು ಅಂದರೆ ಅವ್ವನಿಂದ, ಎರಡನ್ನೂ ಅವ್ವನಿಂದಲೇ, ತಟ್ಟುವುದನ್ನೂ ಬಚ್ಚಿಡುವುದನ್ನೂ. ಕಾನಹೊಸಹಳ್ಳಿ ಹತ್ತಿರ ನಮ್ಮ ಹಳ್ಳಿಯ ಶಾಲೆಗೆ ಬಿಸಿಯೂಟ ಬಂದಾಗ ಅವ್ವನಿಗೆ ಅಡುಗೆ ಕೆಲಸ ಸಿಕ್ಕಿತು, ಹೊಸ ಸೀರೆ ಉಟ್ಟು ಹೋದಳು, ನಾನು ಏಳನೇ ಕ್ಲಾಸು, ತಂಗಿ ಕ್ರಾಂತಿ ಎರಡನೇ ಕ್ಲಾಸು, ಗಂಟೆ ಹೊಡೆಯಿತು, ಉದ್ದದ ಸಾಲಿನಲ್ಲಿ ತಾಟುಗಳು, ಆದರೆ ಒಬ್ಬೊಬ್ಬರಾಗಿ ತಾಟು ಎತ್ತಿಕೊಂಡು ಎದ್ದರು, ನಮ್ಮವ್ವ ಬೈತಾಳ, ಕೇರಿಯೋರು ಮಾಡಿದ್ದು ಉಣಬ್ಯಾಡ ಅಂದಾರ ಎಂದು ನನ್ನ ಪಕ್ಕದವಳೇ ಅಂದಳು, ದಿನಾ ನನ್ನ ಜೊತೆ ಕುಂಟಾಬಿಲ್ಲೆ ಆಡುವವಳು, ಕೊನೆಗೆ ಆ ಉದ್ದದ ಜಗುಲಿಯಲ್ಲಿ ನಾವು ನಮ್ಮ ಕೇರಿಯ ಆರು ಮಕ್ಕಳು, ಸೌಟು ಹಿಡಿದ ಅವ್ವ, ತುಂಬಿದ ಹಂಡೆ. ಹನ್ನೊಂದು ದಿನ ಹಾಗೇ. ಹನ್ನೆರಡನೆಯ ದಿನ ಬೇರೆಯವರು ಬಂದರು, ಅವ್ವನನ್ನು ಪಾತ್ರೆ ತೊಳೆಯಲು ಹಾಕಿದರು, ಅವ್ವ ತೊಳೆದಳು, ಅತ್ತದ್ದು ನಾನು ನೋಡಲಿಲ್ಲ, ಮನೆಗೆ ಬಂದು ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದಳು, ಅವತ್ತು ತಟ್ಟಿದ ಸದ್ದು ಕೇರಿಯ ತುದಿಗೂ ಕೇಳಿರಬೇಕು, ಎಷ್ಟು ತೆಳ್ಳಗೆ ತಟ್ಟಿದ್ದಳೆಂದರೆ ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಕಾಣುತ್ತಿತ್ತು.

ಕರಾರಿನ ಕಾಗದ ಮೇಜಿನ ಮೇಲೆ, ಮೂರು ವರ್ಷದ ಲೀಸು, ಜಾಮೀನಿಗೆ ಗುರುಶಾಂತಣ್ಣ ಸಹಿ ಹಾಕಬೇಕು, ಅದಕ್ಕೇ ಬಂದವನು, ಪೆನ್ನು ತೆಗೆದವನು ಮತ್ತೆ ಕಿಸೆಯಲ್ಲಿಟ್ಟುಕೊಂಡ, ಒಂದು ಮಾತು ಕೋಮಲಾ, ಗಾಡಿ ಮ್ಯಾಲೆ ಅನ್ನಪೂರ್ಣಾ ಅಂತ ಬರಸೂಣು ಅಂದ. ಗಾಡಿ ನನ್ನ ಹೆಸ್ರಿಗೆ ಐತಲ್ಲಣ್ಣ ಅಂದೆ. ಹೆಸರು ಕಾಗದದಾಗ ಇರ್ಲಿ, ತಗಡಿನ ಮ್ಯಾಲೆ ಯಾಕ, ನಾ ಜಾತಿ ಮಾಡೋನಲ್ಲ, ನಿಮ್ಮನ್ಯಾಗ ಚಾ ಕುಡದೀನಿ, ಹೌದಿಲ್ಲೋ, ಆದ್ರ ಮಂದಿ ಬಾಯಿ ನಾ ಕಟ್ಟಾಕ ಆಗಂಗಿಲ್ಲ, ನಿನ್ನ ಹಿತಕ್ಕಾ ಹೇಳಾಕತ್ತೀನಿ ಅಂದ, ಹಿತವೇ, ಅದರಲ್ಲಿ ಸುಳ್ಳಿಲ್ಲ, ಕೊರೊನಾ ವರ್ಷ ನಮ್ಮ ಹನ್ನೊಂದು ಹೆಂಗಸರ ಮನೆಗೆ ಅಕ್ಕಿ ಕಳಿಸಿದವನು ಇವನೇ, ಆ ಅಕ್ಕಿ ನಾನು ಮರೆತಿಲ್ಲ, ಆದರೆ ಚಹಾ ಕುಡಿದದ್ದನ್ನು ಇಷ್ಟು ವರ್ಷವಾದರೂ ಲೆಕ್ಕದಲ್ಲಿಟ್ಟುಕೊಂಡಿದ್ದಾನಲ್ಲ, ನಾನು ಅವನ ಮನೆಯಲ್ಲಿ ನೀರು ಕುಡಿದದ್ದುಂಟೇ, ಅವನೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ನಾನು ಅಂದೆ, ಅಣ್ಣ, ಇಷ್ಟು ದೊಡ್ಡ ಗಾಡಿ ತಗೊಂಡು ಅದರಾಗೂ ಅಡಗಿ ಕುಂದ್ರಬೇಕೇನು. ಅವನು ಅಂದ, ಹಂಗಾದ್ರ ನನ್ನ ಸಹಿ ಬ್ಯಾಡ ಬಿಡು, ಮುಂದಿನ ತಿಂಗಳ ನಾಕು ಮದುವಿನೂ ಬ್ಯಾಡ. ಬೈಕು ಶುರು ಮಾಡಿದ ಸದ್ದು, ನಾಲ್ಕು ಮದುವೆ, ಹನ್ನೊಂದು ಹೆಂಗಸರು, ಆದರೂ ಕಾಲು ಅವನ ಹಿಂದೆ ಓಡಲಿಲ್ಲ, ಅಣ್ಣಾ ನಿಲ್ರಿ ಎನ್ನಲು ಬಾಯಿ ತೆರೆಯಲಿಲ್ಲ, ಒಳ್ಳೆಯದಾಯಿತು ಬಾಯಿಯೇ, ಇವತ್ತಾದರೂ ನನ್ನ ಮಾತು ಕೇಳಿದೆ.

ಕ್ರಾಂತಿ ಹಡಗಲಿ ಆಸ್ಪತ್ರೆಯಲ್ಲಿ ನರ್ಸು, ಸರ್ಕಾರಿ ಸಂಬಳ, ಕೇರಿಯ ಸಂಘದ ಹೋರಾಟದ ಸಭೆಗಳಿಗೆ ಹೋಗುತ್ತಿದ್ದ ಅಪ್ಪ ಅವಳಿಗೆ ಆ ಹೆಸರಿಟ್ಟ, ನಾನು ಹುಟ್ಟಿದ ಹೊತ್ತಿಗೆ ಅವನಿಗೆ ಸಭೆಗಳು ಗೊತ್ತಿರಲಿಲ್ಲ, ಅದಕ್ಕೇ ನಾನು ಕೋಮಲಾ, ಆಗಲಿ. ಅವಳಿಗೆ ಫೋನ್ ಮಾಡಿದೆ, ಎಲ್ಲ ಹೇಳಿದೆ, ಅವಳು ಡ್ಯೂಟಿಯಲ್ಲಿದ್ದಳು, ಹಿಂದೆ ಯಾವುದೋ ಕೂಸಿನ ಅಳು, ಜಾಮೀನಿಗೆ ನಾ ಅದೀನಿ, ಸ್ಯಾಲರಿ ಸ್ಲಿಪ್ಪು ವಾಟ್ಸಾಪಿಗೆ ಕಳಿಸ್ತೀನಿ, ಸಹಿಗೆ ಮೂರು ಗಂಟಿ ಬಸ್ಸಿಗೆ ಬರ್ತೀನಿ, ನೀ ಯಾವ ಹೆಸರು ಬರಸ್ತಿ ಅದನ್ನ ಹೇಳಕ್ಕಾ ಅಂದಳು. ಅವ್ವಂದು ಅಂದೆ. ಹಂಗಾದ್ರ ಎರಡು ಗಂಟಿ ಬಸ್ಸಿಗಾ ಬರ್ತೀನಿ ಅಂದಳು. ಕೊಟ್ಟೂರಿನ ನಮ್ಮ ಮನೆಯಲ್ಲಿ ಹೆಂಗಸರ ಜೊತೆ ಕೂತಿದ್ದ ಅವ್ವ ಮಾತ್ರ ಫೋನಿನಲ್ಲಿ ಹೆದರಿಬಿಟ್ಟಳು, ಬ್ಯಾಡ ಮಗಳಾ, ನನ್ನ ಹೆಸರು ಕಂಡ್ರ ಕೇರಿಯೋರು ಅಂತ ಗೊತ್ತಾಗಿ ಮತ್ತ ತಾಟು ಎತ್ಕಂಡು ಹೋಗ್ತಾರ, ಊರೂರು ತಿರುಗೋ ಗಾಡಿ ಅದು, ನಿನಗ್ಯಾಕ ಈ ಉಸಾಬರಿ. ಹೋಗೋರು ಹೋಗ್ಲಿ ಯವ್ವಾ, ಉಣ್ಣೋರು ಯಾರಂತ ಒಮ್ಮೆ ನೋಡೇಬಿಡೂಣು ಅಂದೆ, ನೀ ಬ್ಯಾಡ ಅಂದ್ರೂ ಬರಸ್ತೀನಿ ಅಂದೆ, ಅವ್ವನಿಗೆ ಹೀಗೆ ಎದುರು ಮಾತಾಡಿದ್ದು ನನ್ನ ಮದುವೆಯ ಮಾತಿನಲ್ಲಿ ಒಮ್ಮೆ, ಇವತ್ತು ಒಮ್ಮೆ. ಅವ್ವನ ಹಿಂದೆ ಹೆಂಗಸರು ರೊಟ್ಟಿ ತಟ್ಟುವ ಸದ್ದು, ಮೂರು ಕೈ, ನಾಲ್ಕು ಕೈ, ಆಮೇಲೆ ಅವ್ವ ಮೆಲ್ಲಗೆ ಅಂದಳು, ಬರಸೋದಾದ್ರ ಸರಿಯಾಗಿ ಬರಸು, ರೇಷನ್ ಕಾರ್ಡಿನಾಗ ನನ್ನ ಹೆಸರಿನ ಒತ್ತು ತಪ್ಪಿಸ್ಯಾರಂತ, ಕ್ರಾಂತಿ ಹೇಳಿದ್ಲು.

ಕ್ರಾಂತಿ ಬಂದಳು, ನರ್ಸಿನ ಬಿಳಿ ಕೋಟಿನಲ್ಲೇ, ಸಹಿ ಹಾಕಿದಳು, ನಾನೂ ಹಾಕಿದೆ, ಪ್ರತಿ ಹಾಳೆಗೂ, ಹಾಲಸ್ವಾಮಿ ಕೀಲಿ ಕೊಡುವಾಗ ಮಾತು ಕಡಿಮೆ ಮಾಡಿದ್ದ, ತಿರುಗಿ ಕೊಡೋ ಮುಂದ ಬಿಳಿ ಬಣ್ಣ ಹೊಡಿಸಿಕೊಟ್ರ ಆತ್ರಿ, ಅಲ್ಲೀತನ ಏನರ ಬರಸ್ಕಳ್ರಿ ಅಂದ, ಯಾರ ಕಡೆಯವನೆಂದು ಹೇಳಲಿಲ್ಲ, ಹೇಳಬೇಕಾಗಿಯೂ ಇಲ್ಲ. ಪೇಂಟರ್ ಜಂಬಣ್ಣನ ಅಂಗಡಿ ರಸ್ತೆಯಾಚೆಗೇ, ಡಬ್ಬಿ ಹಿಡಿದು ಬಂದ, ಸೀಮೆಸುಣ್ಣದಲ್ಲಿ ಗೆರೆ ಎಳೆದ, ಕೆಂಪಿನಲ್ಲಿ ಅವ್ವನ ಹೆಸರಿನ ಮೊದಲ ಅಕ್ಷರ ತಿದ್ದಿ ಮುಗಿಸಿದ, ಎರಡು ಗೇಣಿನ ಉ, ಆಗ ನನ್ನ ಫೋನು. ಹರಪನಹಳ್ಳಿಯ ನಾಗಲಿಂಗಮ್ಮ, ಮುಂದಿನ ತಿಂಗಳ ನಾಲ್ಕರಲ್ಲಿ ಮೊದಲನೆಯ ಮದುವೆ ಅವರ ಮಗಳದ್ದೇ, ನನ್ನ ಜೊತೆ ಒಮ್ಮೆಯೂ ಮಾತಾಡಿದವರಲ್ಲ, ನಂಬರು ಗುರುಶಾಂತಣ್ಣನೇ ಕೊಟ್ಟಿರಬೇಕು, ಬೆದರಿಸಿ ಹೋದದ್ದನ್ನು ಶುರು ಮಾಡಿದ್ದಾನೆ. ರೊಟ್ಟಿ ನೀನಾ ಮಾಡೋದಂತಲ್ಲವ್ವ, ನಿಜಾನಾ. ಹೌದ್ರಿ ನಾನಾ ಮಾಡೋದು, ನಮ್ಮವ್ವ ಕಲಿಸಿದ್ದು, ನಿಮ್ಮ ದೊಡ್ಡ ಮಗನ ಮದುವಿಗೂ ನಾವಾ ಕೊಟ್ಟಿದ್ವಿ, ಎಲ್ಲಾರೂ ಉಂಡ್ರಲ್ರಿ. ನಾನು ಉ ನೋಡುತ್ತಾ ನಿಂತಿದ್ದೆ. ನಮಗೇನಿಲ್ಲವ್ವ, ಬೀಗರ ಕಡಿಯೋರು ಒಂಥರಾ ಅದಾರ, ಈ ಸಲ ಬ್ಯಾಡ ಬಿಡು ಅಂದರು. ಆತ್ರಿ, ಬ್ಯಾಡ ಅನ್ನೋರು ಬಾಯಿಬಿಟ್ಟು ಬ್ಯಾಡ ಅಂದ್ರಲ್ಲ, ಅದು ಛಲೋ ಆತು ಅಂದೆ, ಕೈ ಸೆರಗಿಗೆ ಹೋಗಲಿಲ್ಲ. ಒಂದು ಮದುವೆ ಹೋಯಿತು, ಉಳಿದ ಮೂರೂ ಸಂಜೆಯೊಳಗೆ ಹೋಗಬಹುದು, ನಾಳೆ ಇದೇ ಗಾಡಿಯಲ್ಲಿ ಹೆಂಗಸರನ್ನೆಲ್ಲ ಕೂರಿಸಿಕೊಂಡು ಕೂಡ್ಲಿಗಿ ಸಂತೆಗೆ ಹೋಗುತ್ತೇನೆ, ಬಾಗಿಲು ಜಾರಿಸಿ ತೆರೆದು ಎಲ್ಲರೆದುರಿಗೆ ನನ್ನ ಕೈಯಿಂದಲೇ ಮಾರುತ್ತೇನೆ, ಯಾರು ಕೊಳ್ಳುತ್ತಾರೋ ಯಾರು ಹೆಸರು ಓದಿ ತಿರುಗಿ ಹೋಗುತ್ತಾರೋ, ನಿಂತು ನೋಡುತ್ತೇನೆ — ಜಂಬಣ್ಣ ಎಲ್ಲ ಕೇಳಿಸಿಕೊಂಡಿದ್ದ, ಬ್ರಷ್ ಡಬ್ಬಿಯ ಅಂಚಿಗೆ ಇಟ್ಟು, ಅಕ್ಕಾ, ಮುಂದ ಬರೀಲೋ, ಒರೆಸಿಬಿಡ್ಲೋ, ಹಸಿ ಐತಿ, ಈಗಾದ್ರ ಹೊಕ್ಕತಿ ಅಂದ, ಕ್ರಾಂತಿ ನನ್ನ ಮುಖ ನೋಡಿದಳು, ನಾನು ಬರಿ ಅಂದೆ, ಇನ್ನೂ ದಪ್ಪ ಮಾಡಿ ಬರಿ, ಹಿಂದ ಬರೋ ಬಸ್ಸಿನೋನಿಗೂ ಕಾಣಬೇಕು ಅಂದೆ, ಅವನು ಬ್ರಷ್ ಅದ್ದುತ್ತಿದ್ದಾನೆ, ಅದ್ದಿ ಅಂಚಿಗೆ ಒರೆಸುತ್ತಿದ್ದಾನೆ, ಬಿಸಿಲು ಬಿಳಿ ತಗಡಿಗೆ ಹೊಡೆದು ಕಣ್ಣು ಬಿಡಲಾಗುತ್ತಿಲ್ಲ, ಅಷ್ಟಗಲದ ಬಿಳಿಯಲ್ಲಿ ಒಂದೇ ಒಂದು ಅಕ್ಷರ, ಕೆಂಪು, ಹಸಿ, ಉ, ಒರೆಸದೆ ಉಳಿದದ್ದು, ಉ —