ಒಬ್ಬಟ್ಟಿನ ಬೆನ್ನು

ಕಮಲಾದೇವಿ ಹಟ ಹಿಡಿದಳೆಂದರೆ ಬ್ರಹ್ಮ ಬಂದರೂ ಬಿಡಿಸಲಾರ ಎಂಬುದು ಅವಳ ತವರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಜಯನಗರ ಏಳನೇ ಬ್ಲಾಕಿನ ಗಂಡನ ಮನೆಯವರಿಗೆ ಅದು ತಿಳಿಯಲು ಮಾತ್ರ ಹದಿನೆಂಟು ವರ್ಷ ಹಿಡಿಯಿತು. ಪಾಪ, ಅವಳು ಹಟ ಮಾಡುವಂಥದ್ದು ಯಾವುದೂ ಅಷ್ಟು ದಿನ ಆ ಮನೆಯೊಳಗೆ ಬಂದಿರಲಿಲ್ಲ. ಬಂದದ್ದು ಎಂಬತ್ತಾರನೇ ಇಸವಿಯಲ್ಲಿ, ನೀರು ತುಂಬಿದ ಒಂದು ಪ್ಲಾಸ್ಟಿಕ್ ಚೀಲದೊಳಗೆ.

ಗಂಡ ಜಯಸಿಂಹನಿಗೆ ಮೀನಿನ ಹುಚ್ಚು. ಹುಚ್ಚು ಅವನದು, ಚಾಕರಿ ಹೆಂಡತಿಯದು. ನಡುಮನೆಯಲ್ಲಿದ್ದ ಐದಡಿಯ ಗಾಜಿನ ತೊಟ್ಟಿಯ ನೀರು ಬದಲಿಸುವುದು, ಮೀನಿಗೆ ಕಾಳು ತರುವುದು ಎಲ್ಲ ಕಮಲಳ ಪಾಲಿಗೇ ಬಿದ್ದಿತ್ತು. ಹಾಗೆ ಕಾಳು ತರಲು ವಿಲ್ಸನ್ ಗಾರ್ಡನ್ನಿನ ಸಂಜೀವಯ್ಯನ ಮೀನಂಗಡಿಗೆ ಹೋದವಳು, ನೆಲದ ಮೇಲಿದ್ದ ಟಬ್ಬಿನ ಮುಂದೆ ಕಾಲು ಕಿತ್ತಿಡದೆ ನಿಂತುಬಿಟ್ಟಳು. ತಳದಲ್ಲಿ ತಟ್ಟೆಯಗಲದ ಮೀನೊಂದು ಅಂಚುಗಳನ್ನು ಅಲೆಅಲೆಯಾಗಿ ಮಡಚಿ ಬಿಚ್ಚುತ್ತ ತೇಲುತ್ತಿತ್ತು. ಕಂದು ಮೈ, ಮೈತುಂಬ ಹಳದಿ ಚುಕ್ಕೆ, ಹಿಂದೆ ಉದ್ದ ಬಾಲ.

"ಸ್ಟಿಂಗ್‌ರೇ ಅಲ್ವಾ ಇದು?" ಎಂದಳು.

"ಹೌದಕ್ಕಾ. ಸಿಂಗಪೂರದಿಂದ ಮದ್ರಾಸಿಗೆ ಬಂದಿದ್ದ ಮಾಲು. ಸಮುದ್ರದ್ದಲ್ಲ, ಸಿಹಿನೀರಿನದು," ಎಂದ ಸಂಜೀವಯ್ಯ. "ಬಾಲದಾಗೆ ಮುಳ್ಳೈತೆ, ಅದರಾಗೆ ವಿಷ ಐತೆ. ಜೊತೇಲಿ ಯಾವ ಮೀನು ಬಿಡ್ತೀರೋ ಹುಷಾರು. ಇದು ಸಾಧು. ಬೇರೆಯವೇ ಇದನ್ನ ತಿಂದು ಹಾಕ್ತವೆ."

ಕಮಲ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದು ಬಿಟ್ಟು ಹಸೆಮಣೆ ಏರಿದವಳು. ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಫಾರ್ಮಲಿನ್ ಸೀಸೆಯೊಳಗೆ ಬಿಳಿಚಿಕೊಂಡಿದ್ದ ಇಂಥದ್ದೇ ಮೀನನ್ನು ನೋಡಿ ನೋಡಿ ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆದಿದ್ದಳು. ಅದೀಗ ಜೀವಂತ ಎದುರಿಗಿತ್ತು, ಉಸಿರಾಡುತ್ತಿತ್ತು. ಈ ಮನೆಯಲ್ಲಿ ನನ್ನದು ಅಂತ ಒಂದಿರಲಿ, ಇದೇ ಇರಲಿ ಎಂದು ಅವಳು ಅಲ್ಲೇ ನಿರ್ಧರಿಸಿಬಿಟ್ಟಳು.

ಮನೆಗೆ ತಂದಾಗ ಅತ್ತೆ ಅಂಜನಮ್ಮ ತೊಟ್ಟಿಗೆ ಮೂಗು ತಾಗಿಸಿ ನೋಡಿ, "ಇದೇನೇ ಇದು, ಬಾಲ ಬಂದಿರೋ ಒಬ್ಬಟ್ಟು!" ಎಂದರು. ಹೆಸರು ಅಲ್ಲಿಗೆ ಖಾಯಂ ಆಯಿತು. ಜಯಸಿಂಹ ನಗಲಿಲ್ಲ. ಅವನು ಜಾಗ್ರತೆಯ ಮನುಷ್ಯ, ಕೊಡೆ ಇಲ್ಲದೆ ಗೇಟಿನ ತನಕವೂ ಹೋಗದವನು. ಯಾವುದೋ ಮೀನಿನ ಪತ್ರಿಕೆ ಹುಡುಕಿ ತಂದು, ಇದರ ಮುಳ್ಳು ಚುಚ್ಚಿದರೆ ಪ್ರಾಣ ಹೋಗುವಂಥ ನೋವು, ತಡೆಯುವಷ್ಟು ಬಿಸಿನೀರಿನಲ್ಲಿ ಕೈ ಅದ್ದಿಟ್ಟುಕೊಂಡು ಡಾಕ್ಟರ ಹತ್ತಿರ ಓಡಬೇಕು ಎಂದು ಗಟ್ಟಿಯಾಗಿ ಓದಿ ಹೇಳಿದ.

"ನೋಡು ಕಮಲಾ, ಒಂದೇ ಮಾತು. ಮನೇಲಿ ಯಾರಿಗಾದ್ರೂ ಸರಿ, ಒಂದು ಸಲ ಕುಟುಕಿದ್ರೂ ಆವತ್ತೇ ಇದು ಸಂಜೀವಯ್ಯನ ಅಂಗಡಿಗೆ ವಾಪಸ್."

"ಆಯ್ತು ರೀ," ಎಂದಳು ಕಮಲ. ಹೂಂ ಎನ್ನುವುದಕ್ಕೇನು, ಒಬ್ಬಟ್ಟು ಕುಟುಕದಂತೆ ನೋಡಿಕೊಂಡರಾಯಿತಲ್ಲ.

ಒಬ್ಬಟ್ಟು ಕಾಳು ಮೂಸಲಿಲ್ಲ. ಅದಕ್ಕೆ ಎರೆಹುಳವೇ ಬೇಕು. ಮಡಿಯ ಮನೆಯಲ್ಲಿ ಎರೆಹುಳ! ಹುಳ ಮುಟ್ಟಿದ ಕೈ ಸ್ನಾನವಾಗದೆ ಅಡುಗೆಮನೆ ಹೊಸಿಲು ದಾಟಕೂಡದು ಎಂದು ಅಂಜನಮ್ಮ ಕಟ್ಟಪ್ಪಣೆ ಮಾಡಿದರು. ಕಮಲ ಅದಕ್ಕೂ ಆಯ್ತು ಎಂದಳು. ದಿನಾ ಬೆಳಕು ಹರಿಯುತ್ತಿದ್ದಂತೆ ಹಿತ್ತಿಲಿನ ಬಾಳೆಯ ಬುಡ ಕೆದಕಿ, ಕರಟದಲ್ಲಿ ಹುಳ ತುಂಬಿ ತಂದು ತಿನ್ನಿಸಿ, ತಲೆಗೆ ನೀರು ಸುರಿದುಕೊಂಡು, ಆಮೇಲೆ ಕಾಫಿಗೆ ಡಿಕಾಕ್ಷನ್ ಹಾಕುತ್ತಿದ್ದಳು. ಚಳಿಗಾಲದಲ್ಲೂ ಒಂದು ದಿನ ತಪ್ಪಿಸಲಿಲ್ಲ. ಒಬ್ಬಟ್ಟು ಅವಳ ನೆರಳು ಕಂಡರೆ ಗಾಜಿಗೆ ಬಂದು ಹೊಟ್ಟೆ ಒತ್ತಿ ನಿಲ್ಲುವಷ್ಟು ಪಳಗಿತು.

ಎರಡು ತಿಂಗಳಾದ ಮೇಲೆ ಅದರ ಬೆನ್ನ ಮೇಲೆ ರೂಪಾಯಿಯಗಲದ ಬಿಳಿ ಕಲೆ ಕಾಣಿಸಿತು. ನಾಲ್ಕು ದಿನಕ್ಕೆ ಎರಡಾಯಿತು, ನಡುವೆ ಕೆಂಪಾಯಿತು, ಹುಳ ತಿನ್ನುವುದು ಅರ್ಧಕ್ಕಿಳಿಯಿತು. ಕಣ್ಣೆದುರೇ ಇದನ್ನು ಸಾಯಲು ಬಿಟ್ಟರೆ ತಾನಿದ್ದೂ ಏನು ಬಂತು ಎಂದುಕೊಂಡಳು ಕಮಲ. ಮೊದಲು ತಳದ ಚೂಪು ಜಲ್ಲಿಯ ಮೇಲೆ ಅನುಮಾನಪಟ್ಟು, ಅದನ್ನೆಲ್ಲ ತೆಗೆದು, ಜರಡಿ ಹಿಡಿದ ಹೊಳೆಮರಳು ಹಾಸಿದಳು. ಕಲೆ ಮೂರಾಯಿತು. ಆಮೇಲೆ ತೊಟ್ಟಿಯ ಪುಂಡ, ಅಂಗೈಯಗಲದ ಆಸ್ಕರ್ ಮೀನಿನ ಮೇಲೆ ಅನುಮಾನ. ಕಂಡದ್ದನ್ನೆಲ್ಲ ಕಚ್ಚುವ ಜಾತಿ ಅದು. ಗಂಡನನ್ನು ಒಪ್ಪಿಸಿ ಅದನ್ನು ಸಂಜೀವಯ್ಯನ ಅಂಗಡಿಗೆ ಸಾಗಹಾಕಿದಳು. ಕಲೆ ನಾಲ್ಕಾಯಿತು.

ತೊಟ್ಟಿಯಲ್ಲಿ ಇನ್ನುಳಿದದ್ದು ಮೇಸ್ತ್ರಿ ಮಾತ್ರ. ಮೇಸ್ತ್ರಿ ಅಂದರೆ ಸಕ್ಕರ್ ಮೀನು. ಬಾಯಿಂದ ಗಾಜಿಗೆ ಅಂಟಿಕೊಂಡು ಪಾಚಿ ನೆಕ್ಕುವುದೇ ಅದರ ಉದ್ಯೋಗ, ಗೋಡೆ ಬಿಟ್ಟು ಕದಲದ್ದಕ್ಕೆ ಆ ಹೆಸರು. ಜಯಸಿಂಹ ಮೊಟ್ಟಮೊದಲು ಕೊಂಡ ಮೀನು ಅದೇ. ಐದು ವರ್ಷದಲ್ಲಿ ಮೊಳಕೈಯುದ್ದ ಬೆಳೆದಿತ್ತು. ಆಫೀಸಿನಿಂದ ಬಂದವನು ಬೂಟು ಬಿಚ್ಚುವ ಮುಂಚೆ "ಏನಪ್ಪಾ ಮೇಸ್ತ್ರಿ" ಎಂದು ಮಾತಾಡಿಸದೆ ಇರುತ್ತಿರಲಿಲ್ಲ. ಅದರ ಮೇಲೆ ಸಂಶಯಪಡುವುದೆಂದರೆ ಮನೆದೇವರ ಮೇಲೆ ದೂರು ಕೊಟ್ಟಂತೆ.

ಅಂದು ಏಕಾದಶಿ. ಅಂಜನಮ್ಮನಿಗೆ ನಿರ್ಜಲ ಉಪವಾಸ, ಬೆಳಗಿನಿಂದ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಜಪಸರ ತಿರುಗಿಸುತ್ತಿದ್ದರು. ಹತ್ತು ಗಂಟೆಗೆ ಕರೆಂಟ್ ಹೋಯಿತು. ಪಾಚಿ ಕಟ್ಟದಿರಲೆಂದು ಕಿಟಕಿಗೆ ದಪ್ಪ ಪರದೆ ಬಿಟ್ಟಿದ್ದ ನಡುಮನೆ ಮುಸ್ಸಂಜೆಯ ಹಾಗಾಯಿತು. ಗಾಳಿಯ ಮೋಟಾರು ನಿಂತಿತು. ಕಮಲ ಸೈಕಲ್ ಪಂಪಿಗೆ ರಬ್ಬರ್ ನಳಿಗೆ ಸಿಕ್ಕಿಸಿಕೊಂಡು ಬಂದು ತೊಟ್ಟಿಗೆ ಗಾಳಿ ಒತ್ತತೊಡಗಿದಳು.

"ಶುರುವಾಯ್ತು ನೋಡು," ಎಂದರು ಅಂಜನಮ್ಮ, ಮುಖ ಅರಳಿಸಿ. "ಕರೆಂಟ್ ಹೋದ್ರೆ ಸಾಕು, ಮೇಸ್ತ್ರಿ ಬಂದು ಒಬ್ಬಟ್ಟಿಗೆ ಬೆನ್ನುಜ್ಜುತ್ತೆ. ಅಭ್ಯಂಜನ ಮಾಡಿಸೋ ಹಾಗೆ! ಅದೂ ಕದಲದೆ ಉಜ್ಜಿಸ್ಕೊಳ್ಳುತ್ತೆ, ಎಷ್ಟು ಹಿತವೋ ಏನೋ. ಹದಿನೈದು ದಿನದಿಂದ ನೋಡ್ತಿದೀನಿ. ಮೂಕಪ್ರಾಣಿಗಳಲ್ಲಿ ಎಂಥಾ ಅಕ್ಕರೆ!"

ಕಮಲ ಪಂಪು ಬಿಟ್ಟು ಗಾಜಿಗೆ ಮುಖ ಒತ್ತಿದಳು. ಮೇಸ್ತ್ರಿ ಒಬ್ಬಟ್ಟಿನ ಬೆನ್ನಿಗೆ ಬಾಯಿ ಕಚ್ಚಿಸಿ ಮಲಗಿತ್ತು. ಒಬ್ಬಟ್ಟಿನ ಅಂಚುಗಳು ಸುಟ್ಟ ಹಪ್ಪಳದಂತೆ ಮೇಲಕ್ಕೆ ಸುರುಟಿಕೊಂಡಿದ್ದವು.

"ಅತ್ತೆ, ಬೆನ್ನುಜ್ಜುತ್ತಿಲ್ಲ! ಚರ್ಮ ತಿಂತಾ ಇದೆ!"

ಜಪಸರ ಅಂಜನಮ್ಮನ ಕೈಯಿಂದ ಜಾರಿತು. ಬಲೆ ಹಾಕಿದರೆ ಮೇಸ್ತ್ರಿಯ ರೆಕ್ಕೆಮುಳ್ಳು ಬಲೆಗೆ ಸಿಕ್ಕಿಕೊಂಡು ಒಬ್ಬಟ್ಟನ್ನೂ ಸೀಳುತ್ತಿತ್ತು. ಯೋಚಿಸುತ್ತ ನಿಲ್ಲುವ ಹೊತ್ತಲ್ಲ ಅದು. ಕಮಲ ಬಳೆಗಳನ್ನು ಮೇಲಕ್ಕೇರಿಸಿ ತೋಳುದ್ದ ಕೈ ಇಳಿಸಿದಳು, ಮೇಸ್ತ್ರಿಯನ್ನು ತಲೆ ಹಿಡಿದು ಕಿತ್ತಳು. ಕಿತ್ತ ರಭಸಕ್ಕೆ ಬೆದರಿದ ಒಬ್ಬಟ್ಟಿನ ಬಾಲ ಒಮ್ಮೆ ಬೀಸಿತು.

ಹೆಬ್ಬೆರಳಿನ ಬುಡದಲ್ಲಿ ಒಂದು ಗೀರು, ಅಷ್ಟೆ. ಆದರೆ ನೋವು ಮೊಳಕೈಗೆ, ಭುಜಕ್ಕೆ ಹತ್ತಿತು, ಕಣ್ಣು ಕತ್ತಲಿಟ್ಟಿತು. ಆದರೂ ಅವಳು ಮೇಸ್ತ್ರಿಯನ್ನು ಬಕೆಟ್ಟಿಗೆ ಹಾಕಿಯೇ ನೆಲಕ್ಕೆ ಕೂತದ್ದು. ಕೂಗಲಿಲ್ಲ. ಕೂಗಿದರೆ ಬೀದಿಗೆ ತಿಳಿಯುತ್ತದೆ, ಬೀದಿಗೆ ತಿಳಿದರೆ ಗಂಡನಿಗೆ ತಿಳಿಯುತ್ತದೆ, ಒಬ್ಬಟ್ಟು ಹೋಗುತ್ತದೆ.

"ಬಿಸಿನೀರು, ಅತ್ತೆ," ಎಂದಳು ಹಲ್ಲು ಕಚ್ಚಿ.

ಉಪವಾಸದ ಅರವತ್ತೆಂಟರ ಮುದುಕಿ ಬಚ್ಚಲ ಹಂಡೆಯಿಂದ ಚೊಂಬು ಚೊಂಬಾಗಿ ನೀರು ತಂದು ಸುರಿದರು. ಮೀನಿನ ನೀರಿನಲ್ಲಿ ನೆನೆದ ಸೊಸೆಯ ಕೈಯನ್ನು ತಮ್ಮ ಮಡಿಸೀರೆಯ ಮೇಲೆಯೇ ಇಟ್ಟುಕೊಂಡರು. "ನನ್ನ ಬಾಯಿ ಹಾಳಾಗ, ಅಭ್ಯಂಜನ ಅಂತಿದ್ದೆ," ಎಂದು ಒಂದೇ ಸಮನೆ ಹೇಳಿಕೊಂಡು ಅತ್ತರು. ನೋವು ಒಂದಿಷ್ಟು ಇಳಿದ ಮೇಲೆ ಇಬ್ಬರೂ ಮೂಲೆಯ ಡಾಕ್ಟರ ಹತ್ತಿರ ಹೋಗಿ ಇಂಜೆಕ್ಷನ್ ಹಾಕಿಸಿ, ಪಟ್ಟಿ ಕಟ್ಟಿಸಿಕೊಂಡು ಬಂದರು. ದಾರಿಯಲ್ಲಿ ಕಮಲ ಕೇಳಿಯೇ ಬಿಟ್ಟಳು: "ಅತ್ತೆ, ಅವರಿಗೆ ಏನಂತ ಹೇಳೋದು?" ಹರಿಶ್ಚಂದ್ರನ ವಂಶದವರಂತೆ ಬದುಕಿದ್ದ ಅಂಜನಮ್ಮ ಸೆರಗು ಹೊದ್ದುಕೊಂಡು ಮುಂದೆ ಮುಂದೆ ನಡೆದರು.

ಸಂಜೆ ಆರೂವರೆಗೆ ಜಯಸಿಂಹನ ಸ್ಕೂಟರ್ ಗೇಟಿನೊಳಗೆ ಬಂತು. ಅವನು ಮೊದಲು ನೋಡಿದ್ದು ಬಕೆಟ್.

"ಮೇಸ್ತ್ರಿ ಯಾಕೆ ಆಚೆ ಇದಾನೆ?"

ಕಮಲ ಅವನನ್ನು ತೊಟ್ಟಿಯ ಹತ್ತಿರ ಕರೆದು ಒಬ್ಬಟ್ಟಿನ ಬೆನ್ನು ತೋರಿಸಿದಳು. ಮೇಸ್ತ್ರಿ ಕಿತ್ತುಕೊಂಡ ಜಾಗ ಹಸಿಯಾಗಿತ್ತು, ಅದರ ಬಾಯಿಯ ಗುಂಡು ಅಚ್ಚು ಬೆನ್ನ ಮೇಲೆ ಹಾಗೇ ಕೂತಿತ್ತು. ಜಯಸಿಂಹ ಅದನ್ನೂ ಬಕೆಟ್ಟಿನಲ್ಲಿದ್ದ ಮೇಸ್ತ್ರಿಯ ಬಾಯನ್ನೂ ಎರಡು ಸಲ ನೋಡಿದ. ಅವನ ಮುಖ ಸಣ್ಣದಾಯಿತು. ಆಮೇಲೆ ಅವನ ಕಣ್ಣು ಹೆಂಡತಿಯ ಕೈ ಮೇಲೆ ಬಿತ್ತು.

"ಕೈಗೇನಾಯ್ತು?"

ಕಮಲ ಮಧ್ಯಾಹ್ನವೆಲ್ಲ ಒಂದು ಸುಳ್ಳನ್ನು ಹೊಂದಿಸಿಟ್ಟುಕೊಂಡಿದ್ದಳು. ಬಾಯಿ ತೆರೆದರೆ ಅದು ಬರಲೊಲ್ಲದು. ಕೊಟ್ಟ ಮಾತು ಕೊಟ್ಟದ್ದೇ, ನಿಜ ಹೇಳಿ ಕಾಲಾದರೂ ಹಿಡಿಯುತ್ತೇನೆ ಎಂದು ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ದೇವರ ಮನೆಯ ಬಾಗಿಲಿನಿಂದ ಅಂಜನಮ್ಮನ ದನಿ ಬಂತು.

"ಬೋಂಡ ಕರೀತಿದ್ದಳು ಕಣೋ. ಎಣ್ಣೆ ಸಿಡೀತು. ನನ್ನ ಕಣ್ಣೆದುರಿಗೇ."

ಜಯಸಿಂಹ ತಾಯಿಯನ್ನು ನೋಡಿದ. ಹುಟ್ಟಿದ ಲಾಗಾಯ್ತು ಆ ಬಾಯಿಂದ ಒಂದು ಸುಳ್ಳು ಕೇಳಿದವನಲ್ಲ ಅವನು.

"ಅಮ್ಮಾ," ಎಂದ ಮೆಲ್ಲಗೆ, "ಇವತ್ತು ಏಕಾದಶಿ. ಈ ಮನೇಲಿ ಬೋಂಡ ಕರೀತಾರಾ?"

ಅಂಜನಮ್ಮ ಗದ್ದ ಮೇಲೆತ್ತಿದರು. "ಕರಿದಳು ಅಂದ್ನಲ್ಲ," ಎಂದರು. "ನಾನು ಹೇಳ್ತಿದೀನಿ. ಸಾಲದಾ?"

ಜಯಸಿಂಹ ತಾಯಿಯ ಮಡಿಸೀರೆಯ ಮೇಲೆ ಒಣಗಿದ್ದ ನೀರಿನ ಕಲೆ ನೋಡಿದ, ಹೆಂಡತಿಯ ಊದಿದ ಬೆರಳು ನೋಡಿದ. ಅವನ ಕಣ್ಣಂಚಿನಲ್ಲಿ ನೀರಾಡಿತು. ಬೂಟು ಬಿಚ್ಚದೆಯೇ ಬಗ್ಗಿ ಬಕೆಟ್ ಎತ್ತಿಕೊಂಡು, ಅದರ ಮೇಲೆ ತಟ್ಟೆ ಮುಚ್ಚಿದ.

"ಸಂಜೀವಯ್ಯ ಅಂಗಡಿ ಎಷ್ಟು ಹೊತ್ತಿಗೆ ಮುಚ್ತಾನೆ?"

"ಎಂಟಕ್ಕೆ," ಎಂದಳು ಕಮಲ.

"ಹಾಗಾದ್ರೆ ಸಿಗ್ತಾನೆ. ಇವನನ್ನ ಬಿಟ್ಟು ಬರ್ತೀನಿ," ಎಂದು ಬಾಗಿಲ ತನಕ ಹೋದವನು ತಿರುಗಿದ. "ನಾಳೆಯಿಂದ ಹುಳ ನಾನು ಅಗೀತೀನಿ. ಕೈ ನೆನೆಸಬೇಡ ನೀನು, ಸುಟ್ಟ ಗಾಯ."