ಬಿಸ್ಕತ್ ಡಬ್ಬಿಯ ಚಿಟ್ಟೆ

ನನ್ನ ಮಗಳು ದಿಲ್ಷಾದ್ ಆರು ವರ್ಷದವಳಿದ್ದಾಗ ಅವಳಪ್ಪ ಬಷೀರ್ ಅಹಮದ್ ಒಂದು ಮಾತು ಕೊಟ್ಟರು. "ರೇಷ್ಮೆ ಗೂಡಿಂದ ಚಿಟ್ಟೆ ಬಂದು ಹಾರೋದನ್ನ ನಿನಗೆ ತೋರಿಸ್ತೀನಮ್ಮಾ, ಆಣೆ."

ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಮನೆ ನಮ್ಮದು. ಕುದಿಯುವ ನೀರಿನಲ್ಲಿ ಕುಣಿಯುವ ಗೂಡಿನೊಳಗೆ ಹುಳವಿದೆ ಎಂದು ಗೊತ್ತಾದ ದಿನ ಹುಡುಗಿ ಊಟ ಬಿಟ್ಟು ಕೂತಳು. ಆಗ ಸಮಾಧಾನಕ್ಕೆ ಆಡಿದ ಮಾತು ಅದು. ಅವಳು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು.

"ಒಂದಾದ್ರೂ ಹಾರಿದ ದಿನ ನಾನು ರೇಷ್ಮೆ ಹಾಕ್ಕೋತೀನಿ. ಅಲ್ಲೀವರೆಗೂ ಇಲ್ಲ."

ನಮ್ಮ ಚರಕದ ರೇಷ್ಮೆ ನೂಲಿನ ಕುರ್ತಾ ತೊಟ್ಟು ಮಗಳು ಈದ್ ಹಬ್ಬದ ದಿನ ಬೀದಿಯಲ್ಲಿ ನಡೆಯಬೇಕೆಂಬುದು ಇವರ ದೊಡ್ಡ ಆಸೆ. ಅದೇನು ಮಹಾ ಎಂದು ಒಂದು ಗೂಡನ್ನು ಬೇಯಿಸದೆ ಬಿಸ್ಕತ್ ಡಬ್ಬಿಯಲ್ಲಿಟ್ಟರು. ಕೆಲವು ದಿನಕ್ಕೆ ಬೆಳ್ಳಗೆ, ಡೊಳ್ಳುಹೊಟ್ಟೆಯ ಚಿಟ್ಟೆಯೊಂದು ಹೊರಬಂತು. ಎಲ್ಲರೂ ಮಾಳಿಗೆ ಹತ್ತಿದೆವು. ಅದು ಪಟಪಟ ರೆಕ್ಕೆ ಬಡಿಯಿತು, ಒಂದು ಸುತ್ತು ತಿರುಗಿತು, ಕೂತಿತು.

"ಇದಕ್ಕಿಂತ ಮೊದಲು ನಾನು ಹಾರ್ತೀನಿ ಬೇಟಾ" ಎಂದರು ನಮ್ಮತ್ತೆ ಜಾನ್ ಬೀ.

"ಚಳಿಗೆ ಹಾಗಾಗಿದೆ" ಎಂದರು ಇವರು. ಬೇಸಿಗೆಯಲ್ಲಿ ಗಾಳಿಯಿಲ್ಲ ಎಂದರು. ಆಮೇಲೆ ತಳಿಯೇ ಸರಿಯಿಲ್ಲವೆಂದು ಚಿಂತಾಮಣಿ ಕಡೆಯ ಬಿಳಿ ಗೂಡು ತಂದರು. ಒಮ್ಮೆ ನಂದಿ ಬೆಟ್ಟದ ತುದಿಗೂ ಒಯ್ದರು. ಚಿಟ್ಟೆ ಬಸ್ಸಿನಲ್ಲಿ ಹೋಗಿ, ಬಸ್ಸಿನಲ್ಲೇ ವಾಪಸು ಬಂತು. ಡಬ್ಬಿಯ ಮುಚ್ಚಳದ ತುಂಬ ಮೊಟ್ಟೆಯಿಟ್ಟಿತ್ತು ಅಷ್ಟೆ.

ಹೀಗೇ ವರ್ಷಗಳು ಹೋದವು. ಮಗಳು ಹತ್ತನೇ ಕ್ಲಾಸಿಗೆ ಬಂದಳು. ಈದಿಗೆ ಹತ್ತಿ ಬಟ್ಟೆಯೇ.

ಒಂದು ಮಧ್ಯಾಹ್ನ ಕೆಂಚಾರ್ಲಹಳ್ಳಿಯ ಆವುಲಪ್ಪ ಗೂಡಿನ ಮಾರ್ಕೆಟ್ಟು ಮುಗಿಸಿ ನಮ್ಮಲ್ಲಿ ಟೀ ಕುಡಿಯಲು ಬಂದ. ಹುಳ ಸಾಕುವವನು ಅವನು. ಬೆಂದ ಬೆರಳು ಸೆರಗಿನಲ್ಲಿ ಒರೆಸಿಕೊಂಡು ನಾನು ಲೋಟ ಕೊಟ್ಟೆ. ಇವರು ಅವನ ಮುಂದೆ ಆ ಸಲದ ನಾಲ್ಕಾರು ಚಿಟ್ಟೆಗಳಿದ್ದ ಡಬ್ಬಿ ಬಿಚ್ಚಿದರು.

"ನಿಜ ಹೇಳಪ್ಪ ಆವುಲಪ್ಪಣ್ಣ, ನಿಮ್ಮ ಕಡೆ ಯಾವತ್ತಾದ್ರೂ ಹಾರಿದ್ದು ಉಂಟಾ?"

"ಹಾರಿದ್ರೆ ನಾನು ಬದುಕಂಗೈತಾ ಸಾಬ್ರೇ? ತಟ್ಟೆ ಬಿಟ್ಟು ಗೋಡೆ ಹತ್ತೋ ಹುಳಾನೇ ಕೋಳಿ ಪಾಲಾಗ್ತೈತೆ. ಕೂತ್ಕಡೆ ಕೂತು ಸೊಪ್ಪು ತಿನ್ನೋದೇ ನಮಗೆ ಬೇಕು."

ವಿಜ್ಞಾನದ ಪುಸ್ತಕ ಹಿಡಿದಿದ್ದ ದಿಲ್ಷಾದ್ ಎದ್ದು ಅಪ್ಪನ ಮುಂದೆ ನಿಂತಳು. "ನೋಡಿ ಅಬ್ಬಾ, ಇದರಲ್ಲೂ ಇದೇ ಪಾಠ! ಸಾವಿರಾರು ವರ್ಷದ ಹಿಂದೆ ಇದರ ಮುತ್ತಜ್ಜಿಯರು ಕಾಡಲ್ಲಿ ಹಾರ್ತಿದ್ರು. ಜನ ಹಿಡ್ಕೊಂಡು ಬಂದು ಸಾಕಿದ್ರು. ಚೆನ್ನಾಗಿ ಹಾರೋದು ಹಾರಿ ಹೋಯ್ತು, ಅದರ ಮೊಟ್ಟೆ ನಮಗೆ ಸಿಗಲಿಲ್ಲ. ಸೋಮಾರಿದು ಕೂತು ಮೊಟ್ಟೆ ಇಡ್ತು. ಮಕ್ಕಳು ಅಮ್ಮನ ಥರಾನೇ ಆದ್ರು. ಅವರಲ್ಲೂ ಇನ್ನೂ ಸೋಮಾರಿದನ್ನೇ ಉಳಿಸ್ಕೊಂಡ್ರು."

"ಅಂದ್ರೆ ಉಪಯೋಗಿಸದೆ ರೆಕ್ಕೆ ಜಡವಾಯ್ತಾ?"

"ಅಲ್ಲ ಅಬ್ಬಾ. ಯಾವ ಚಿಟ್ಟೇನೂ ತನ್ನ ಕಾಲದಲ್ಲಿ ಬದಲಾಗಲಿಲ್ಲ. ಯಾವುದರ ಮಕ್ಕಳು ಉಳಿದ್ವು ಅನ್ನೋದ್ರಿಂದ ಜಾತಿ ಬದಲಾಯ್ತು."

"ಈ ಮನೆ ಗಂಡಸರ ಕಥೇನೂ ಅದೇ" ಎಂದರು ಜಾನ್ ಬೀ. "ಕೂತೋರನ್ನೇ ನೋಡಿ ನೋಡಿ ಹೆಣ್ಣು ಕೊಟ್ರು."

ಆವುಲಪ್ಪನಿಗೆ ಟೀ ನೆತ್ತಿಗೇರಿತು. ಇವರು ನಗಲಿಲ್ಲ. "ಹಾಗಾದ್ರೆ ಜಾಸ್ತಿ ರೆಕ್ಕೆ ಬಡಿಯೋದರ ಮೊಟ್ಟೆ ಮಾತ್ರ ಇಟ್ಕೊಂಡ್ರೆ? ಅದರ ಮಕ್ಕಳಲ್ಲೂ ಹಾಗೇ ಆರಿಸಿದ್ರೆ?"

ದಿಲ್ಷಾದ್ ಅಪ್ಪನ ಮುಖ ನೋಡಿದಳು. "ಹಾರಿದ್ರೂ ಹಾರಬಹುದು. ನೂರಾರು ತಲೆಮಾರು ಬೇಕಾಗಬಹುದು ಅಬ್ಬಾ. ಅದೂ ಗ್ಯಾರಂಟಿ ಇಲ್ಲ."

"ನೂರಾರಾ?"

"ಸುಳ್ಳು ಹೇಳ್ಲಾ?"

"ಬೇಡ ಕಣಮ್ಮ."

ಆದರೂ ಸಂಜೆ ಅಪ್ಪ ಮಗಳು ಮಾಳಿಗೆ ಮೇಲೆ ಡಬ್ಬಿಯ ಮೇಲೆ ಬಗ್ಗಿ ಕೂತು, ಯಾವುದು ಜೋರಾಗಿ ರೆಕ್ಕೆ ಬಡಿಯುತ್ತದೆಂದು ಜಗಳವಾಡಿ ಒಂದನ್ನು ಆರಿಸಿದರು. ಅದನ್ನು ಗೋಡೆಯ ಅಂಚಿಗೆ ಬಿಟ್ಟರು. ಅದು ಕೂತಿತು.

ಆ ಈದಿಗೂ ದಿಲ್ಷಾದ್ ಹತ್ತಿಯ ಕುರ್ತಾ ತೊಟ್ಟು ಅಪ್ಪನ ಕೈ ಹಿಡಿದು ಬೀದಿಯಲ್ಲಿ ನಡೆದಳು. ಬಷೀರ್ ಅಹಮದ್ ಕೊಟ್ಟ ಮಾತು ನಡೆಯಲಿಲ್ಲ.