ಕಿವಿ ಬಿಟ್ಟ ಹೊಲಿಗೆ

ನಾನು ಒಂದು ದಬ್ಬಣ. ದೊಡ್ಡ ಸೂಜಿ ಅಷ್ಟೇ ತಾನೆ ಎಂದು ಮೂಗು ಮುರಿಯಬೇಡಿ. ಸೂಜಿ ರವಿಕೆ ಹೊಲಿಯುತ್ತದೆ, ನಾನು ಗೋಣಿಚೀಲ ಹೊಲಿಯುವವನು. ಬ್ಯಾಡಗಿಯ ಕಮ್ಮಾರನೊಬ್ಬ ಸೈಕಲ್ ಚಕ್ರದ ಕಡ್ಡಿಯನ್ನು ಕೆಂಪಗೆ ಕಾಯಿಸಿ, ಬಡಿದು, ಮಸೆದು ನನ್ನನ್ನು ಮಾಡಿದ. ನೀರಿಗೆ ಅದ್ದಿದಾಗ ಚುಂಯ್ ಎಂದು ಕೂಗಿದೆನಲ್ಲ, ಅದೇ ನನ್ನ ಮೊದಲ ಅಳು. ಹುಟ್ಟುವಾಗಲೇ ನನ್ನ ಕೆಲಸ ಏನೆಂದು ನನಗೆ ಗೊತ್ತಿತ್ತು. ಮನುಷ್ಯರಿಗೆ ಆ ಭಾಗ್ಯ ಇಲ್ಲವೆಂಬುದು ಆಮೇಲೆ ತಿಳಿಯಿತು.

ಮೊದಲು ನನ್ನನ್ನು ಕೊಂಡವನು ಮೆಣಸಿನಕಾಯಿ ಮಾರುಕಟ್ಟೆಯ ಹಮಾಲ ಖಾದರಸಾಬ. ಅವನ ಕೈಯಲ್ಲಿ ಎಷ್ಟು ಸಾವಿರ ಚೀಲದ ಬಾಯಿ ಮುಚ್ಚಿದೆನೋ, ಲೆಕ್ಕ ಇಟ್ಟವರಾರು! ಹೊಲಿಗೆಯ ಎರಡೂ ತುದಿಗೆ ಅವನು ಒಂದೊಂದು ಕಿವಿ ಬಿಡುತ್ತಿದ್ದ. ಕಿವಿ ಎಂದರೆ ಚೀಲದ ಮೂಲೆಯನ್ನು ಹಿಡಿಕೆಯ ಹಾಗೆ ಎಳೆದು ಗಂಟು ಹಾಕುವುದು. ಎತ್ತುವವನ ಕೈಗೆ ಹಿಡಿತ ಬೇಕಲ್ಲ. ಕಿವಿ ಇಲ್ಲದ ಚೀಲವನ್ನು ಆ ಮಾರುಕಟ್ಟೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಖಾದರಸಾಬನ ಕಣ್ಣು ಮಂದವಾದಾಗ ನಾನು ಮಾಲತೇಶನ ಕೈಗೆ ಬಂದೆ. ಇವನು ಬಿ.ಎ. ಪಾಸಾಗಿ ನಾಲ್ಕು ವರ್ಷ ಕೆಲಸಕ್ಕೆ ಅಲೆದು ಚಪ್ಪಲಿ ಸವೆಸಿದವನು. ಪೊಲೀಸು, ಬ್ಯಾಂಕು, ಕೋರ್ಟು, ಒಂದನ್ನೂ ಬಿಟ್ಟಿರಲಿಲ್ಲ. ಸಂದರ್ಶನಕ್ಕೆ ಹೋದಲ್ಲೆಲ್ಲ ಒಂದೇ ಪ್ರಶ್ನೆಯಂತೆ, "ನಿಮಗೆ ಏನು ಬರುತ್ತೆ?" ಇವನದೂ ಒಂದೇ ಉತ್ತರ, "ಏನ್ ಹೇಳಿದ್ರೂ ಮಾಡ್ತೀನ್ರಿ." ಹಾಗೆ ಹೇಳಿದವನಿಗೆ ಯಾರು ತಾನೆ ಏನು ಹೇಳುತ್ತಾರೆ? ಹೊಟ್ಟೆಪಾಡಿಗೆ ಚೀಲ ಹೊಲಿಯಲು ಕುಳಿತ. ಕೈ ಮಾತ್ರ ಚೆನ್ನಾಗಿತ್ತು ಮಾರಾಯ, ಖಾದರಸಾಬನಿಗಿಂತ ಚೆನ್ನಾಗಿತ್ತು.

ಒಂದು ದಿನ ದೊಡ್ಡ ದವಾಖಾನೆಯಿಂದ ಗುತ್ತಿಗೆ ಕೆಲಸದ ಕಾಗದ ಬಂತು. ಅವನ ಅವ್ವ ಗುಡ್ಡವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ದವಾಖಾನೆಯಲ್ಲಿ ಡಾಕ್ಟರು ಕೇಳಿದರು:

"ಮೊದ್ಲ ಏನ್ ಮಾಡ್ತಿದ್ದಿ?"

"ಚೀಲಾ ಹೊಲೀತಿದ್ದೆ ಸರ್."

"ಛಲೋ ಆತು. ನಾಳಿ ಬರ್ತ ದಬ್ಬಣ ತೊಗೊಂಡ್ ಬಾ."

ಅವನಿಗೆ ಅರ್ಥವಾಗಲಿಲ್ಲ. ಮರುದಿನ ವಾರ್ಡುಗಳನ್ನೆಲ್ಲ ದಾಟಿಸಿ, ಬೇವಿನ ಮರದಾಚೆಯ ಒಂಟಿ ಕೋಣೆಗೆ ಕರೆದೊಯ್ದಾಗ ಅರ್ಥವಾಯಿತು. ಹೆಣ ಕೊಯ್ಯುವ ಕೋಣೆ. ಕೊಯ್ಯುವವರು ಡಾಕ್ಟರು, ಹೊಲಿಯುವವನು ಇವನು.

ಮೊದಲ ದಿನ ಬಂದವಳು ಹತ್ತೊಂಬತ್ತು ವರ್ಷದ ಹುಡುಗಿ. ಲಾರಿ ಹಾಯ್ದಿತ್ತು. ಮಾಲತೇಶ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಹೊಲಿದ. ಕೈಗೆ ಗೊತ್ತಿದ್ದ ಹಾದಿ, ಕೈ ನಡೆಯಿತು. ನನ್ನ ಸಂಕಟ ಕೇಳಿ. ಸೆಣಬು ನನ್ನನ್ನು ತಡೆಯುತ್ತದೆ, ಜಗ್ಗುತ್ತದೆ, ಬೈಯುತ್ತದೆ. ಆ ಹುಡುಗಿ ತಡೆಯಲಿಲ್ಲ. ಸುಮ್ಮನೆ ದಾರಿ ಬಿಟ್ಟಳು. ನನಗೆ ಆಗ ಹುಟ್ಟಿದ ಹೆದರಿಕೆ ಇವತ್ತಿಗೂ ಹೋಗಿಲ್ಲ.

ಮೂರನೆಯ ದಿನ ಒಬ್ಬ ಹೆಂಗಸು ಬಾಗಿಲಿಗೆ ಬಂದು ನಿಂತಳು. ಹೆಸರು ಹೊನ್ನವ್ವ, ಆ ಹುಡುಗಿಯ ತಾಯಿ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಅಳಲಿಲ್ಲ, ಕೂಗಲಿಲ್ಲ.

"ಜಳಕಾ ಮಾಡಸ್ಬೇಕಂತ ಅರಿವಿ ಬಿಚ್ಚಿದೆ. ಕುತ್ತಿಗಿ ಕೆಳಗೊಂದು, ಹೊಟ್ಟಿ ಕೆಳಗೊಂದು ಕಿವಿ ಬಿಟ್ಟೀಯಲ್ಲೋ ತಮ್ಮಾ. ನನ್ನ ಮಗಳು ಚೀಲೇನು? ಯಾರು ಎತ್ತವ್ರಿದ್ರು ಆಕೀನ್ನ?"

ಅಯ್ಯೋ! ಬಿಟ್ಟಿದ್ದೆವು. ಕಣ್ಣು ಮುಚ್ಚಿದವನ ಕೈ ರೂಢಿಯಂತೆ ಎರಡೂ ತುದಿಗೆ ತೊಗಲನ್ನು ಎಳೆದು ಗಂಟು ಹಾಕಿತ್ತು. ಬೇರೆ ಊರಿನವರಿಗೆ ಅದು ಬರೀ ಗಂಟು. ಅವಳಿಗೆ ಗೊತ್ತಾಯಿತು. ಅವಳು ಉತ್ತರಕ್ಕೆ ಕಾಯದೆ ಹೊರಟುಹೋದಳು.

ಅಲ್ಲಿಂದ ಆ ಮಾತು ಅವನ ಬೆನ್ನು ಬಿಡಲಿಲ್ಲ. ಹಾಡುಹಗಲಲ್ಲೇ ಅವನಿಗೆ ಕಿವಿಗಳು ಕಾಣುತ್ತಿದ್ದವು. ಅಗಸರ ಗಂಟಿನಲ್ಲಿ, ಅಂಗಡಿಯ ಸಕ್ಕರೆ ಪೊಟ್ಟಣದಲ್ಲಿ, ಮಲಗಿದ ಅವ್ವನ ಹೊದಿಕೆಯ ಮೂಲೆಯಲ್ಲಿ. ಕೋಣೆಯ ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ಹೊನ್ನವ್ವ ಎಂದು ಬೆಚ್ಚುತ್ತಿದ್ದ. ರೊಟ್ಟಿ ಮುರಿಯುವಾಗ ಕೈ ನೋಡಿಕೊಂಡು ಎದ್ದುಬಿಡುತ್ತಿದ್ದ. ಮನೆಯಲ್ಲಿ ಅವನು ಹೇಳಿದ್ದು ಔಷಧಿ ಕೊಡುವ ಕೆಲಸ ಎಂದು. ಗುಡ್ಡವ್ವ ದೃಷ್ಟಿ ತೆಗೆದದ್ದೇ ತೆಗೆದದ್ದು.

ಅಷ್ಟರಲ್ಲಿ ಹಿಂದೆಂದೋ ಹಾಕಿದ ಅರ್ಜಿಗೆ ಉತ್ತರ ಬಂತು. ಹುಬ್ಬಳ್ಳಿಯ ಬೈಕ್ ಶೋರೂಮಿನಲ್ಲಿ ಕುರ್ಚಿ, ಮೇಜು, ತಲೆಯ ಮೇಲೆ ಫ್ಯಾನು. ಒಂದನೇ ತಾರೀಖು ಬರಬೇಕು. ಇನ್ನು ಹನ್ನೆರಡು ದಿನ. ನಾನಂತೂ ಬದುಕಿದೆ ಎಂದುಕೊಂಡೆ.

ಆದರೆ ಆ ಹನ್ನೆರಡು ದಿನ ಬರುವವರು ಇದ್ದರಲ್ಲ! ಅವರಾದರೂ ಚೀಲ ಆಗಬಾರದು ಎನಿಸಿತು ಅವನಿಗೆ. ಒಂದು ಸಂಜೆ ಅವ್ವನ ಪಕ್ಕ ಕುಳಿತು, ಅವಳು ಹಳೆಯ ಸೀರೆಗಳನ್ನು ಸೇರಿಸಿ ಹೊಲಿಯುತ್ತಿದ್ದ ಕೌದಿಯ ಅಂಚು ಹಿಡಿದ. "ಇಷ್ಟು ಸಣ್ಣಗ ಹ್ಯಾಂಗ ಹಾಕ್ತೀಬೇ, ನನಗೂ ತೋರ್ಸು" ಎಂದ.

"ಗಂಡಸಾಗಿ ಕೌದಿ ಹೊಲೀತೀ? ನಿನಗ ಕನ್ಯಾ ಕೊಟ್ಟಂಗ ಆತು ಬಿಡು!" ಎಂದು ಅವಳು ನಕ್ಕಳು. ಆದರೂ ಕಲಿಸಿದಳು. ಮೂರು ಹೊಲಿಗೆ ಮುಂದೆ, ಒಂದು ಹಿಂದೆ, ಗಂಟು ಒಳಗೆ. ಮರುದಿನವೇ ಅವನು ತೆಳ್ಳನೆಯ ಉಕ್ಕಿನ ಸೂಜಿ ಕೊಂಡು ತಂದ. ನನ್ನನ್ನು ಹೆಣದ ಕೋಣೆಯ ಕಿಟಕಿಯ ಚೌಕಟ್ಟಿನ ಸಂದಿಗೆ ಸಿಕ್ಕಿಸಿದ. ಬೇಜಾರಾಗಲಿಲ್ಲವೆಂದರೆ ಸುಳ್ಳು. ಆದರೆ ನಾನು ಆ ಕೆಲಸಕ್ಕೆ ಹುಟ್ಟಿದವನಲ್ಲ, ಅದು ನನಗೂ ಗೊತ್ತು. ಈಗ ಅವನು ಕಣ್ಣು ತೆರೆದೇ ಹೊಲಿಯುತ್ತಿದ್ದ. ಒಬ್ಬೊಬ್ಬರಿಗೂ ಗಂಟೆಗಟ್ಟಲೆ. "ಹುಡುಗಾ, ಮದುವಿಗೆ ಕಳಸ್ತೀಯೇನು ಇವ್ರನ್ನ?" ಎಂದು ಡಾಕ್ಟರು ಗೊಣಗುತ್ತಿದ್ದರು.

ಹನ್ನೊಂದನೆಯ ದಿನ ಬಂದವಳು ಅವರ ಪಕ್ಕದ ಮನೆಯ ಸರೋಜವ್ವ. ಬಟ್ಟೆ ಒಣಹಾಕುವ ತಂತಿಗೆ ಕರೆಂಟು ಬಂದಿತ್ತು. ಮಾಲತೇಶ ಓಣಿಯವರ ಕಣ್ಣಿಗೆ ಬೀಳದೆ ಒಳಗೇ ಉಳಿದು ಹೊಲಿದು ಕಳಿಸಿದ.

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಅವನು ಎಂದಿನಂತೆ ಬೆಚ್ಚಿದ. ಬಂದವಳು ಹೊನ್ನವ್ವ ಅಲ್ಲ, ಗುಡ್ಡವ್ವ.

"ಸರೋಜವ್ವಗ ನಾನ ನೀರ್ ಹಾಕ್ದೆ," ಎಂದಳು. "ಮೂರು ಮುಂದ, ಒಂದು ಹಿಂದ. ನಮ್ಮ ಮನಿ ಹೊಲಿಗಿ ನನಗ ಗುರ್ತು ಸಿಗಂಗಿಲ್ಲೇನು?"

ಹೆಣ ಮಲಗಿಸುವ ಕಲ್ಲಿನ ಮೇಜಿನತ್ತ ಅವಳು ಕಣ್ಣು ಹಾಯಿಸಿದಳು.

"ಎದಿ ಮ್ಯಾಲೆ ದಾರಾ ಭಾಳ ಬಿಗದೀ. ಅಷ್ಟು ಜಗ್ಗಬಾರ್ದು, ನೋಯ್ತೈತಿ."

"ಸತ್ತವ್ರಿಗೆ ನೋಯಂಗಿಲ್ಲವ್ವಾ."

"ನೋಡವ್ರಿಗೆ ನೋಯ್ತೈತಿ."

ಆಮೇಲೆ ಕೇಳಿದಳು, "ನಾಳಿ ಹುಬ್ಬಳ್ಳಿ ಬಸ್ಸು ಎಷ್ಟಕ್ಕ?"

"ನಾ ಹೋಗಂಗಿಲ್ಲಬೇ. ನಾ ಹೋದ್ರ ಇಲ್ಲಿ ಮತ್ತ ಯಾರರ ಚೀಲಾ ಹೊಲಿಯವ್ರ ಬರ್ತಾರ."

ಗುಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಸಂತೋಷದ ಅಳುವಲ್ಲ ಅದು, ಸುಳ್ಳು ಹೇಳಲಾರೆ. ಮಗ ಕುರ್ಚಿಯ ಮೇಲೆ ಕೂರಬೇಕೆಂದು ಹರಕೆ ಹೊತ್ತಿದ್ದಳು. ಅಳುತ್ತಲೇ ಮುಂದೆ ಬಂದು ಅವನ ಬಲಗೈ ಹಿಡಿದು, ದಾರವನ್ನು ಎಷ್ಟು ಸಡಿಲ ಬಿಡಬೇಕೆಂದು ಗಾಳಿಯಲ್ಲೇ ತೋರಿಸಿಕೊಟ್ಟಳು.

ಅದಾಗಿ ಹನ್ನೊಂದು ವರ್ಷ. ಮಾಲತೇಶ ಇಲ್ಲೇ ಇದ್ದಾನೆ, ತಲೆಯಲ್ಲಿ ಬಿಳಿ ಕಂಡಿದೆ. ಈಗ ಯಾರಾದರೂ "ನಿಮಗೆ ಏನು ಬರುತ್ತೆ?" ಎಂದು ಕೇಳಿದರೆ ಹೇಳಲು ಅವನಿಗೆ ಉತ್ತರ ಇದೆ. ನಾನು ಕಿಟಕಿಯ ಸಂದಿಯಲ್ಲಿ ತುಕ್ಕು ಹಿಡಿದು ಕುಳಿತಿದ್ದೇನೆ. ಅವನಿಗೆ ಅವನ ಕೆಲಸ ಸಿಕ್ಕಿತು, ನನಗೂ ಸಮಾಧಾನವೇ. ಆದರೆ ಅದು ಸಿಗುವುದಕ್ಕೆ ಒಬ್ಬ ಹುಡುಗಿಯ ಮೈಮೇಲೆ ಆ ತಪ್ಪು ಆಗಬೇಕಾಯಿತು, ಮತ್ತು ಅವಳ ಮೈಯೊಳಗೆ ಹಾದುಹೋದವನು ನಾನು. ಅವಳ ಹೆಸರು ಏನೆಂದು ಆ ದಿನ ನಾವಿಬ್ಬರೂ ಕೇಳಲಿಲ್ಲ.